ಜಡ್ಜ್‌ ಯಾರ ನೇಮಕ ಅಂತ ನೋಡಿ ಬಂದೂಕಿನ ತೀರ್ಪು ಊಹಿಸಬಹುದಾ?

ಪ್ರಶ್ನೆ: ಸರ್, ನಮ್ಮೂರು ವಿರಾಜಪೇಟೆ ಹತ್ತಿರ. ಈಗ ಸಂಸಾರ ಸಮೇತ ನ್ಯೂಜೆರ್ಸಿಯಲ್ಲಿದ್ದೇವೆ, ಗ್ರೀನ್ ಕಾರ್ಡ್ ಬಂದಿದೆ. ತಮ್ಮ ಎಚ್-1ಬಿ ವೀಸಾದಲ್ಲಿ ನಮ್ಮ ಜೊತೆಗೇ ಇದ್ದಾನೆ. ಕೊಡಗಿನವರಿಗೆ ಮನೆಯಲ್ಲಿ ಕೋವಿ ಇರುವುದು ಹೊಸದಲ್ಲ. ಆದರೆ ಅಮೆರಿಕದ ಬಂದೂಕಿನ ಗಲಾಟೆ ತಲೆಗೆ ಹತ್ತುತ್ತಿಲ್ಲ. ಸುಪ್ರೀಂ ಕೋರ್ಟ್ ತೀರ್ಪು ಬಂದಾಗಲೆಲ್ಲ 6-3 ಅಂತಾರೆ, ಆ ಆರು ಜನ ರಿಪಬ್ಲಿಕನ್, ಮೂವರು ಡೆಮಾಕ್ರಟ್ ಅಂತ ಟಿವಿಯವರೇ ಹೇಳಿಬಿಡ್ತಾರೆ. ಹಾಗಾದರೆ ಇದು ಕೋರ್ಟಾ, ಇನ್ನೊಂದು ಪಾರ್ಲಿಮೆಂಟಾ? ಜಡ್ಜ್‌ಗಳ ರಾಜಕೀಯ ಒಲವು ನಿಜವಾಗಿ ಎಷ್ಟು ಕೆಲಸ ಮಾಡುತ್ತದೆ? ನಮ್ಮ ರಾಜ್ಯದಲ್ಲಿ ಮುಂದೆ ಏನು ನೋಡಬೇಕು?

ಉತ್ತರ: ಒಲವು ಕೆಲಸ ಮಾಡುತ್ತದೆ. ಜಾಸ್ತಿಯೇ ಮಾಡುತ್ತದೆ. ಆದರೆ ತೀರ್ಪಿನ ಹಿಂದಿನ ದಿನ ವೈಟ್ ಹೌಸ್‌ನಿಂದ ಯಾರೂ ಫೋನ್ ಮಾಡಿ ಹೀಗೆ ಬರೀರಿ ಅನ್ನುವುದಿಲ್ಲ. ಅದರ ಅಗತ್ಯವೇ ಬೀಳುವುದಿಲ್ಲ. ಒಬ್ಬ ಜಡ್ಜ್ ಸಂವಿಧಾನವನ್ನು ಹೇಗೆ ಓದುತ್ತಾರೆ ಅಂತ ಅವರ ಹಳೆಯ ತೀರ್ಪು, ಲೇಖನ, ಭಾಷಣ ಎಲ್ಲ ಜಾಲಾಡಿ ಆರಿಸಿರುತ್ತಾರೆ. ಪಕ್ಷದ ಕೆಲಸ ನೇಮಕದ ದಿನವೇ ಮುಗಿದಿರುತ್ತದೆ. ಆಮೇಲೆ ಅದರ ಫಲ ಕಾಣುವುದು ಎರಡು ಕಡೆ. ಯಾವ ಕೇಸನ್ನು ಕೈಗೆತ್ತಿಕೊಳ್ಳುತ್ತಾರೆ ಅನ್ನುವುದು ಒಂದು. ಕೆಳಗಿನ ನೂರಾರು ಜಡ್ಜ್‌ಗಳ ಕೈಗೆ ಎಂಥ ಅಳತೆಗೋಲು ಕೊಡುತ್ತಾರೆ ಅನ್ನುವುದು ಇನ್ನೊಂದು. ಟಿವಿಯವರು ಎಣಿಸುವ 6-3 ಇವೆರಡೂ ಆದಮೇಲೆ ಬರುವ ಸಂಗತಿ.

ಮೊದಲು ಒಂದು ವಿಷಯ. ಬಂದೂಕಿನ ಹಕ್ಕು ಯಾವತ್ತೂ ಹೀಗೆ ಪಕ್ಷದ ಗೆರೆ ಹಿಡಿದು ಹರಿದು ಹೋಗಿರಲಿಲ್ಲ. ಎರಡನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿದ್ದು 1791ರಲ್ಲಿ. ಇಂಗ್ಲಿಷಿನಲ್ಲಿ ಬರೀ 27 ಪದ. ಮೊದಲರ್ಧ ಶಿಸ್ತಿನ ನಾಗರಿಕ ಪಡೆ ಸ್ವತಂತ್ರ ರಾಜ್ಯಕ್ಕೆ ಬೇಕು ಅನ್ನುತ್ತದೆ, ಉಳಿದರ್ಧ ಆಯುಧ ಇಟ್ಟುಕೊಳ್ಳುವ, ಹೊರುವ ಜನರ ಹಕ್ಕಿಗೆ ಭಂಗ ತರಬಾರದು ಅನ್ನುತ್ತದೆ. ಮೊದಲರ್ಧಕ್ಕೆ ತೂಕ ಕೊಟ್ಟರೆ ಅದು ಪಡೆಗೆ ಸಂಬಂಧಿಸಿದ ಹಕ್ಕು. ಎರಡನೆಯದಕ್ಕೆ ಕೊಟ್ಟರೆ ಮನೆಯಲ್ಲಿ ಕೂತ ಒಬ್ಬೊಬ್ಬರದೂ ಹಕ್ಕು. 1939ರಲ್ಲಿ ಮಿಲ್ಲರ್ ಕೇಸು ಬಂತು. ನಳಿಕೆ ಕತ್ತರಿಸಿ 18 ಇಂಚಿಗಿಂತ ಗಿಡ್ಡ ಮಾಡಿದ ಶಾಟ್‌ಗನ್ನನ್ನು ಒಕ್ಲಹೋಮಾದಿಂದ ಅರ್ಕಾನ್ಸಾಗೆ ಸಾಗಿಸಿದ ಇಬ್ಬರ ಮೇಲಿನ ಕೇಸು ಅದು. ಇಂಥ ಗನ್‌ಗೂ ನಾಗರಿಕ ಪಡೆಗೂ ಸಂಬಂಧ ಕಾಣುವುದಿಲ್ಲ, ಹಾಗಾಗಿ ರಕ್ಷಣೆ ಇಲ್ಲ ಅಂತ ಕೋರ್ಟು ಒಮ್ಮತದಿಂದ ಹೇಳಿತು. ಆಮೇಲೆ ಸುಮಾರು 70 ವರ್ಷ ಕೆಳ ಕೋರ್ಟುಗಳು ಅದನ್ನೇ ಹಿಡಿದು ನಡೆದವು.

ಆಗ ರಿಪಬ್ಲಿಕನ್ ಜಡ್ಜ್‌ಗಳು ಏನನ್ನುತ್ತಿದ್ದರು? ವಾರೆನ್ ಬರ್ಗರ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದ್ದು ನಿಕ್ಸನ್. ಕಟ್ಟಾ ಸಂಪ್ರದಾಯಸ್ಥರು. ನಿವೃತ್ತರಾದ ಮೇಲೆ 1991ರಲ್ಲಿ ಟಿವಿ ಸಂದರ್ಶನದಲ್ಲಿ ಅವರು, ಎರಡನೇ ತಿದ್ದುಪಡಿಯ ಹೆಸರಲ್ಲಿ ಬಂದೂಕಿನ ಲಾಬಿ ಮಾಡುತ್ತಿರುವುದು ಅಮೆರಿಕದ ಜನಕ್ಕೆ ಮಾಡಿದ ದೊಡ್ಡ ವಂಚನೆ ಅಂತ ನೇರವಾಗಿ ಹೇಳಿದರು. ಇನ್ನೂ ಹಿಂದೆ ಹೋದರೆ, 1967ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗುಂಡು ತುಂಬಿದ ಬಂದೂಕು ಹಿಡಿದು ಬೀದಿಯಲ್ಲಿ ಓಡಾಡುವುದನ್ನು ನಿಷೇಧಿಸುವ ಕಾನೂನಿಗೆ ಸಹಿ ಹಾಕಿದ್ದು ಗವರ್ನರ್ ರೊನಾಲ್ಡ್ ರೇಗನ್. ಕಪ್ಪು ಜನರ ಹಕ್ಕಿಗೆ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ಸ್ ಸಂಘಟನೆಯವರು ಬಂದೂಕು ಹಿಡಿದು ಗಸ್ತು ತಿರುಗುತ್ತಿದ್ದ ಕಾಲ. ಬಂದೂಕು ಮಾಲೀಕರ ದೊಡ್ಡ ಸಂಘ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಆ ಕಾನೂನಿನ ಪರವೇ ಇತ್ತು. 1977ರಲ್ಲಿ ಸಿನ್ಸಿನಾಟಿಯ ವಾರ್ಷಿಕ ಸಭೆಯಲ್ಲಿ ಕಟ್ಟರ್ ಸದಸ್ಯರು ಹಳೆಯ ನಾಯಕರನ್ನು ಕೆಳಗಿಳಿಸಿದರು. ಆ ಸಂಘಟನೆ ಪೂರ್ತಿ ರಾಜಕೀಯಕ್ಕೆ ಇಳಿದದ್ದು ಅಲ್ಲಿಂದ. ಅಂದರೆ ಮೊದಲು ಬದಲಾಗಿದ್ದು ಪಕ್ಷ. ಜಡ್ಜ್‌ಗಳು ಬದಲಾಗುವುದಕ್ಕೆ ಇನ್ನೊಂದು ತಲೆಮಾರು ಹಿಡಿಯಿತು.

ಆ ಬದಲಾವಣೆ ಕೋರ್ಟಿನೊಳಗೆ ಕಂಡದ್ದು 2008ರ ಜೂನ್ 26ರಂದು, ಹೆಲ್ಲರ್ ಕೇಸಿನಲ್ಲಿ. ಡಿಕ್ ಹೆಲ್ಲರ್ ವಾಷಿಂಗ್ಟನ್ ಡಿಸಿಯಲ್ಲಿ ವಿಶೇಷ ಪೊಲೀಸ್ ಸಿಬ್ಬಂದಿ. ಹಗಲು ಕೇಂದ್ರ ಸರ್ಕಾರದ ಕಟ್ಟಡಕ್ಕೆ ಕಾವಲು, ಸೊಂಟದಲ್ಲಿ ಪಿಸ್ತೂಲು. ಡ್ಯೂಟಿ ಮುಗಿದ ಮೇಲೆ ಮನೆಗೆ ಬರಿಗೈಲಿ ಹೋಗಬೇಕು, ಯಾಕಂದ್ರೆ ಆ ಊರಿನಲ್ಲಿ ಕೈಬಂದೂಕು ಮನೆಯಲ್ಲಿ ಇಟ್ಟುಕೊಳ್ಳುವುದೇ ನಿಷಿದ್ಧ. ಉದ್ದ ಬಂದೂಕು ಇಟ್ಟುಕೊಂಡರೂ ಬಿಚ್ಚಿಡಬೇಕು, ಇಲ್ಲಾ ಟ್ರಿಗರ್‌ಗೆ ಬೀಗ ಹಾಕಬೇಕು. ಈ ಕಾನೂನನ್ನು ಕೋರ್ಟು 5-4ರಲ್ಲಿ ಹೊಡೆದುಹಾಕಿತು. ಇದು ವ್ಯಕ್ತಿಯ ಹಕ್ಕು, ಪಡೆಗೆ ಸೇರಿರಬೇಕಾಗಿಲ್ಲ ಅಂತ ಬರೆದದ್ದು ಆಂಟೊನಿನ್ ಸ್ಕಾಲಿಯಾ.

ಈಗ ಭಿನ್ನಮತದ ನಾಲ್ವರನ್ನು ನೋಡಿ. ಜಾನ್ ಪಾಲ್ ಸ್ಟೀವನ್ಸ್, ಡೇವಿಡ್ ಸೌಟರ್, ಗಿನ್ಸ್‌ಬರ್ಗ್, ಬ್ರೇಯರ್. ಸ್ಟೀವನ್ಸ್ ಅವರನ್ನು ನೇಮಿಸಿದ್ದು ಫೋರ್ಡ್, ಸೌಟರ್ ಅವರನ್ನು ಸೀನಿಯರ್ ಬುಷ್. ಇಬ್ಬರೂ ರಿಪಬ್ಲಿಕನ್ ಅಧ್ಯಕ್ಷರೇ. 2008ರಲ್ಲಿ ನೀವು ನೇಮಿಸಿದವರ ಪಕ್ಷ ನೋಡಿ ಊಹಿಸಿದ್ದರೆ ಒಂಬತ್ತರಲ್ಲಿ ಎರಡು ತಪ್ಪುತ್ತಿತ್ತು. ಸೌಟರ್ ಜಾಗಕ್ಕೆ 2009ರಲ್ಲಿ ಸೊಟೊಮೇಯರ್, ಸ್ಟೀವನ್ಸ್ ಜಾಗಕ್ಕೆ 2010ರಲ್ಲಿ ಕೇಗನ್ ಬಂದರು. ಕೇಗನ್ ಕೂತ ದಿನದಿಂದ ಉದಾರವಾದಿಗಳೆಲ್ಲ ಡೆಮಾಕ್ರಟ್ ಅಧ್ಯಕ್ಷರು ನೇಮಿಸಿದವರು, ಸಂಪ್ರದಾಯವಾದಿಗಳೆಲ್ಲ ರಿಪಬ್ಲಿಕನ್ ಅಧ್ಯಕ್ಷರು ನೇಮಿಸಿದವರು. ಅಮೆರಿಕದ ಸುಪ್ರೀಂ ಕೋರ್ಟಿನ ಇತಿಹಾಸದಲ್ಲಿ ಇಷ್ಟು ನೇರ ಗೆರೆ ಬಿದ್ದದ್ದು ಅದೇ ಮೊದಲು. ನೀವು ಟಿವಿಯಲ್ಲಿ ನೋಡುವ ಲೆಕ್ಕಕ್ಕೆ ಹೆಚ್ಚು ವಯಸ್ಸಾಗಿಲ್ಲ.

ಹೆಲ್ಲರ್‌ನಲ್ಲಿ ಇನ್ನೂ ಒಂದು ಗಮನಿಸಬೇಕಾದ ಸಂಗತಿ ಇದೆ. ಈ ಹಕ್ಕಿಗೆ ಮಿತಿ ಇದೆ, ಘೋರ ಅಪರಾಧಿಗಳಿಗೆ ಬಂದೂಕು ಕೊಡದಿರುವುದು, ಶಾಲೆ, ಸರ್ಕಾರಿ ಕಟ್ಟಡಗಳಿಗೆ ಬಂದೂಕು ತರದಂತೆ ತಡೆಯುವುದು, ಇವಕ್ಕೆಲ್ಲ ಧಕ್ಕೆ ಇಲ್ಲ ಅಂತ ಸ್ಕಾಲಿಯಾ ಒಂದು ಪ್ಯಾರಾ ಸೇರಿಸಿದರು. ಆ ಮಾತು ಬಂದದ್ದು ಆಂಥೊನಿ ಕೆನಡಿ ಒತ್ತಾಯದಿಂದ ಅಂತ ಸ್ಟೀವನ್ಸ್ ಆಮೇಲೆ ಬಹಿರಂಗವಾಗಿ ಹೇಳಿದರು. ಐದನೆಯ ವೋಟು ಬೇಕು ಅಂದರೆ ಅದರ ಷರತ್ತಿಗೆ ಒಪ್ಪಲೇಬೇಕು. ನಡುವೆ ನಿಂತವರೊಬ್ಬರು ಬೆಂಚಿನಲ್ಲಿದ್ದರೆ ತೀರ್ಪಿನ ಮೊನೆ ಹೇಗೆ ಮೊಂಡಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

2010ರ ಮೆಕ್‌ಡೊನಾಲ್ಡ್ ಕೇಸು ಇದೇ ಹಕ್ಕನ್ನು ರಾಜ್ಯ, ನಗರಗಳ ಮೇಲೂ ಅನ್ವಯಿಸಿತು. ಅದೂ 5-4. ಅಲ್ಲಿಂದ ಮುಂದೆ ಸುಮಾರು ಒಂದು ದಶಕ ಸುಪ್ರೀಂ ಕೋರ್ಟು ಈ ವಿಷಯದಲ್ಲಿ ಹೆಚ್ಚುಕಮ್ಮಿ ಬಾಯೇ ಬಿಡಲಿಲ್ಲ. ಯಾಕೆ? ಒಂದು ಕೇಸನ್ನು ವಿಚಾರಣೆಗೆ ತೆಗೆದುಕೊಳ್ಳಲು ನಾಲ್ಕು ಜಡ್ಜ್‌ಗಳು ಒಪ್ಪಿದರೆ ಸಾಕು, ಆದರೆ ಗೆಲ್ಲಲು ಐವರು ಬೇಕು. ಮೊದಲು ಕೆನಡಿ, ಆಮೇಲೆ ಮುಖ್ಯ ನ್ಯಾಯಮೂರ್ತಿ ರಾಬರ್ಟ್ಸ್, ಇವರು ಯಾವ ಕಡೆ ವಾಲುತ್ತಾರೋ ಎರಡೂ ಗುಂಪಿಗೆ ಖಾತ್ರಿ ಇರಲಿಲ್ಲ. ಸೋಲುವ ಭಯ ಇದ್ದರೆ ಕೇಸು ಎತ್ತಿಕೊಳ್ಳುವುದೇ ಇಲ್ಲ. ಎರಡನೇ ತಿದ್ದುಪಡಿಯನ್ನು ಅನಾಥ ಮಾಡಿದ್ದೀರಿ ಅಂತ ಸಂಪ್ರದಾಯವಾದಿ ಜಡ್ಜ್ ಕ್ಲಾರೆನ್ಸ್ ಥಾಮಸ್ 2018ರಲ್ಲಿ ಸಿಟ್ಟಿನಿಂದ ಬರೆದರು.

ಅಷ್ಟರಲ್ಲಿ ಕುರ್ಚಿಗಳ ಕಥೆ ಬೇರೆಯೇ ನಡೆದಿತ್ತು. 2016ರ ಫೆಬ್ರವರಿಯಲ್ಲಿ ಸ್ಕಾಲಿಯಾ ತೀರಿಕೊಂಡರು. ಒಬಾಮ ಆ ಜಾಗಕ್ಕೆ ಮೆರಿಕ್ ಗಾರ್ಲೆಂಡ್ ಹೆಸರನ್ನು ಸೆನೆಟ್ ಒಪ್ಪಿಗೆಗೆ ಕಳಿಸಿದರು. ಚುನಾವಣೆ ವರ್ಷ ಅಂತ ಕಾರಣ ಕೊಟ್ಟು ಸೆನೆಟ್‌ನ ರಿಪಬ್ಲಿಕನ್ ನಾಯಕ ಮಿಚ್ ಮೆಕಾನಲ್ ವಿಚಾರಣೆಯನ್ನೇ ನಡೆಸಲಿಲ್ಲ. ಅದೇ ಅಕ್ಟೋಬರಿನ ಟಿವಿ ಚರ್ಚೆಯಲ್ಲಿ ಟ್ರಂಪ್, ತಾನು ನೇಮಿಸುವ ಜಡ್ಜ್‌ಗಳು ಎರಡನೇ ತಿದ್ದುಪಡಿಯನ್ನು ಕಾಪಾಡುತ್ತಾರೆ ಅಂತ ಬಾಯಿಬಿಟ್ಟೇ ಹೇಳಿದರು. ಗೆದ್ದರು. 2017ರಲ್ಲಿ ಗೊರ್ಸುಚ್, 2018ರಲ್ಲಿ ಕವನಾ, 2020ರ ಅಕ್ಟೋಬರಿನಲ್ಲಿ, ಅಧ್ಯಕ್ಷೀಯ ಚುನಾವಣೆಗೆ ಎಂಟು ದಿನ ಇರುವಾಗ, ಗಿನ್ಸ್‌ಬರ್ಗ್ ಜಾಗಕ್ಕೆ ಬ್ಯಾರೆಟ್. ಚುನಾವಣೆ ವರ್ಷದ ನೆಪ ಆಗ ಯಾರಿಗೂ ನೆನಪಾಗಲಿಲ್ಲ. ಆ ಎರಡು ಪ್ರಸಂಗ ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ, ಯಾಕಂದ್ರೆ ಕೋರ್ಟಿನ ಮೇಲಿನ ಜನರ ನಂಬಿಕೆ ಅಲ್ಲಿ ಸೋರಿಹೋಯಿತು.

ಈ ಮೂವರಲ್ಲಿ ಕೊನೆಯ ಇಬ್ಬರ ಬಂದೂಕಿನ ನಿಲುವು ಯಾರಿಗೂ ಗುಟ್ಟಾಗಿರಲಿಲ್ಲ. ಕವನಾ 2011ರಲ್ಲಿ ಡಿಸಿಯ ಮೇಲ್ಮನವಿ ಕೋರ್ಟಿನಲ್ಲಿದ್ದಾಗ, ಸೆಮಿ ಆಟೊಮ್ಯಾಟಿಕ್ (ಪ್ರತಿ ಸಲ ಟ್ರಿಗರ್ ಎಳೆದಾಗ ಒಂದೊಂದೇ ಗುಂಡು ಹಾರಿಸುವ) ರೈಫಲ್ ನಿಷೇಧ ತಪ್ಪು, ಇಂಥ ಕಾನೂನನ್ನು ಪಠ್ಯ, ಇತಿಹಾಸ, ಪರಂಪರೆ ನೋಡಿಯೇ ಅಳೆಯಬೇಕು ಅಂತ ಭಿನ್ನಮತ ಬರೆದಿದ್ದರು. ಬ್ಯಾರೆಟ್ 2019ರಲ್ಲಿ ಇನ್ನೊಂದು ಭಿನ್ನಮತ ಬರೆದಿದ್ದರು. ಅಂಚೆ ವಂಚನೆಯಲ್ಲಿ ಶಿಕ್ಷೆಯಾದವನಿಂದ ಬಂದೂಕು ಯಾಕೆ ಕಿತ್ತುಕೊಳ್ಳಬೇಕು, ಆತ ಅಪಾಯಕಾರಿ ಅಂತ ತೋರಿಸಿದ್ದೀರಾ ಅನ್ನುವುದು ಅದರ ಸಾರ. ಆ ಬರಹಗಳಿದ್ದೂ ಅವರು ಆಯ್ಕೆಯಾದರು ಅನ್ನುವುದಕ್ಕಿಂತ, ಅಂಥ ಬರಹ ಇದ್ದದ್ದು ಅವರಿಗೆ ಅನುಕೂಲವೇ ಆಯಿತು ಅನ್ನುವುದು ಸರಿ. ಇನ್ನೊಂದು ಕಡೆಯವರದ್ದೂ ಹಾಗೇ. ಸೊಟೊಮೇಯರ್ 2009ರ ಸೆನೆಟ್ ವಿಚಾರಣೆಯಲ್ಲಿ ಬಂದೂಕಿನ ಹಕ್ಕು ಎಷ್ಟೋ ಜನರಿಗೆ ಎಷ್ಟು ಮುಖ್ಯ ಅಂತ ತನಗೆ ಗೊತ್ತು ಅಂದರು. ಮರುವರ್ಷವೇ ಆ ಹಕ್ಕನ್ನು ರಾಜ್ಯಗಳಿಗೆ ವಿಸ್ತರಿಸುವುದರ ವಿರುದ್ಧ ವೋಟು ಹಾಕಿದರು. ಕೇಗನ್ ಅಂತೂ ಸೆನೆಟರುಗಳಿಗೆ ಕೊಟ್ಟ ಮಾತಿನಂತೆ ಸ್ಕಾಲಿಯಾ ಜೊತೆ ಬೇಟೆಗೇ ಹೋದರು, ಅದನ್ನು ಇಷ್ಟವೂ ಪಟ್ಟರು. ಆದರೂ ವೋಟಿನ ದಿನ ಅವರಿದ್ದದ್ದು ಇನ್ನೊಂದು ಸಾಲಿನಲ್ಲಿ.

ಬ್ಯಾರೆಟ್ ಬಂದದ್ದು 2020ರ ಅಕ್ಟೋಬರ್ ಕೊನೆಗೆ. 2021ರ ಏಪ್ರಿಲಿನಲ್ಲಿ, ಆರು ತಿಂಗಳೊಳಗೆ, ನ್ಯೂಯಾರ್ಕಿನ ಬ್ರೂಯೆನ್ ಕೇಸನ್ನು ಕೋರ್ಟು ವಿಚಾರಣೆಗೆ ಎತ್ತಿಕೊಂಡಿತು. ಹತ್ತು ವರ್ಷ ಮುಚ್ಚಿದ್ದ ಬಾಗಿಲು ತೆರೆದದ್ದು ಹೊಸ ವಾದ ಹುಟ್ಟಿದ್ದಕ್ಕಲ್ಲ. ಬಾಗಿಲ ಒಳಗೆ ಇನ್ನೊಬ್ಬರು ಬಂದು ಕೂತದ್ದಕ್ಕೆ. ನಿಮ್ಮ ಪ್ರಶ್ನೆಗೆ ನೇರ ಸಾಕ್ಷಿ ಕೊಡಿ ಅಂದರೆ ನಾನು ಮೊದಲು ತೋರಿಸುವುದು ಈ ಎರಡು ತಾರೀಖುಗಳನ್ನು.

ಬ್ರೂಯೆನ್ ತೀರ್ಪು ಬಂದದ್ದು 2022ರ ಜೂನ್ 23ಕ್ಕೆ. ಟೆಕ್ಸಸ್‌ನ ಯುವಾಲ್ಡೆ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಟೀಚರುಗಳು ಗುಂಡಿಗೆ ಬಲಿಯಾಗಿ ಒಂದು ತಿಂಗಳಾಗಿತ್ತು ಅಷ್ಟೆ. ಬಫಲೋ ಅಂಗಡಿಯಲ್ಲಿ ಹತ್ತು ಜನ ಸತ್ತು ಆರು ವಾರ. ನ್ಯೂಯಾರ್ಕಿನಲ್ಲಿ ನೂರು ವರ್ಷಕ್ಕೂ ಹಳೆಯ ಕಾನೂನಿನ ಪ್ರಕಾರ ಹೊರಗೆ ಪಿಸ್ತೂಲು ಒಯ್ಯಲು ಲೈಸೆನ್ಸು ಬೇಕಾದರೆ ನಿಮಗೆ ಮಾತ್ರ ಇರುವ ವಿಶೇಷ ಕಾರಣ ತೋರಿಸಬೇಕಿತ್ತು. ಬರೀ ಭಯ ಆಗುತ್ತದೆ ಅಂದರೆ ಸಾಲದು. ಕೋರ್ಟು 6-3ರಲ್ಲಿ ಇದನ್ನು ರದ್ದು ಮಾಡಿತು. ಇಂಥ ನಿಯಮ ಇದ್ದ ಆರು ರಾಜ್ಯಗಳಲ್ಲಿ ನಿಮ್ಮ ನ್ಯೂಜೆರ್ಸಿಯೂ ಒಂದು.

ಆದರೆ ಈ ತೀರ್ಪಿನ ಭಾರ ಇರುವುದು ನ್ಯೂಯಾರ್ಕಿನ ಕಾನೂನು ಬಿದ್ದದ್ದರಲ್ಲಲ್ಲ, ಅಳತೆಗೋಲು ಬದಲಾದದ್ದರಲ್ಲಿ. ಅಲ್ಲಿಯವರೆಗೆ ಕೆಳ ಕೋರ್ಟುಗಳು ತೂಗಿ ನೋಡುತ್ತಿದ್ದವು. ಈ ಕಾನೂನಿನಿಂದ ಹಕ್ಕಿಗೆ ಎಷ್ಟು ಪೆಟ್ಟು, ಜನರ ಜೀವಕ್ಕೆ ಎಷ್ಟು ರಕ್ಷಣೆ, ಸರ್ಕಾರದ ಹತ್ತಿರ ಪುರಾವೆ ಏನಿದೆ ಅಂತ. ತೀರ್ಪು ಬರೆದ ಥಾಮಸ್ ಅದನ್ನು ತೆಗೆದುಹಾಕಿದರು. ಇಂದಿನ ಕಾನೂನಿಗೆ ಹಳೆಯ ಕಾಲದ ಅಮೆರಿಕದಲ್ಲಿ ಹೋಲುವ ಕಾನೂನು ಇತ್ತಾ ಅಂತ ಸರ್ಕಾರವೇ ತೋರಿಸಬೇಕು, ಇಲ್ಲದಿದ್ದರೆ ಕಾನೂನು ಬೀಳುತ್ತದೆ ಅನ್ನುವುದು ಹೊಸ ನಿಯಮ. ತೀರ್ಪು 1328ರ ಇಂಗ್ಲೆಂಡಿನ ಒಂದು ಶಾಸನದವರೆಗೂ ಹಿಂದಕ್ಕೆ ಹೋಗಿ ಚರ್ಚೆ ಮಾಡಿದೆ.

ಜಡ್ಜ್‌ಗಳ ಒಲವನ್ನು ಹತ್ತಿಕ್ಕಲು ಇದೇ ದಾರಿ, ಇತಿಹಾಸ ಪಕ್ಷಪಾತ ಮಾಡುವುದಿಲ್ಲ ಅಂತ ಈ ಪದ್ಧತಿಯ ಪರ ಇರುವವರು ಮನಸಾರೆ ನಂಬುತ್ತಾರೆ. ನನ್ನ ಅಭಿಪ್ರಾಯ ಉಲ್ಟಾ. ಯಾವ ಹಳೆಯ ಕಾನೂನು ಇಂದಿನದಕ್ಕೆ ಸಾಕಷ್ಟು ಹೋಲುತ್ತದೆ ಅನ್ನುವುದನ್ನು ತೀರ್ಮಾನಿಸುವವರು ಜಡ್ಜ್‌ಗಳೇ ಅಲ್ವಾ? ಗುಂಡಿನ ಮದ್ದನ್ನು ಮನೆಯಲ್ಲಿ ಹೇಗೆ ಇಡಬೇಕು ಅಂತ 18ನೇ ಶತಮಾನದ ಊರುಗಳು ಮಾಡಿದ ನಿಯಮ ಒಬ್ಬರಿಗೆ ಇಂದಿನ ಸುರಕ್ಷತಾ ಕಾನೂನಿಗೆ ಹೋಲಿಕೆ ಅನ್ನಿಸುತ್ತದೆ, ಇನ್ನೊಬ್ಬರಿಗೆ ಅದು ಬರೀ ಬೆಂಕಿ ತಡೆಯುವ ನಿಯಮ ಅನ್ನಿಸುತ್ತದೆ. ಒಲವಿಗೆ ಓಡಾಡಲು ಜಾಗ ಕಡಿಮೆ ಆಗಲಿಲ್ಲ, ಜಾಸ್ತಿಯಾಯಿತು. ತೀರ್ಪಿನಲ್ಲಿ ಸತ್ತವರ, ಗಾಯಗೊಂಡವರ ಲೆಕ್ಕ ಮಾತ್ರ ಮಾಯವಾಯಿತು. ನನಗೆ ನೋವಾಗುವುದು ಅದಕ್ಕೆ.

ಇದು ಎಲ್ಲಿಗೆ ಹೋಗಿ ಮುಟ್ಟಿತು ಅಂತ ರಹೀಮಿ ಕೇಸಿನಲ್ಲಿ ನೋಡಬಹುದು. ಟೆಕ್ಸಸ್‌ನ ಈ ಮನುಷ್ಯ 2019ರಲ್ಲಿ ಒಂದು ಪಾರ್ಕಿಂಗ್ ಜಾಗದಲ್ಲಿ ತನ್ನ ಮಗುವಿನ ತಾಯಿಯನ್ನು ಎಳೆದಾಡಿದ. ನೋಡುತ್ತಿದ್ದವರೊಬ್ಬರು ಕಣ್ಣಿಗೆ ಬಿದ್ದಾಗ ಗುಂಡು ಹಾರಿಸಿದ. ಕೋರ್ಟು ಆಕೆಗೆ ರಕ್ಷಣಾ ಆದೇಶ ಕೊಟ್ಟಿತು. 1994ರ ಫೆಡರಲ್ ಕಾನೂನಿನ ಪ್ರಕಾರ ಅಂಥ ಆದೇಶ ಇರುವವರೆಗೆ ಬಂದೂಕು ಇಟ್ಟುಕೊಳ್ಳುವಂತಿಲ್ಲ. ಆಮೇಲೂ ಹಲವು ಕಡೆ ಗುಂಡು ಹಾರಿಸಿದ ಆರೋಪ ಅವನ ಮೇಲಿದೆ. ಒಂದು ಸಲ ಗೆಳೆಯನ ಕ್ರೆಡಿಟ್ ಕಾರ್ಡ್ ನಡೆಯಲಿಲ್ಲ ಅಂತ ಹೋಟೆಲಿನಲ್ಲಿ ಗಾಳಿಗೆ ಗುಂಡು. ಪೊಲೀಸರು ಮನೆ ಶೋಧಿಸಿದಾಗ ಬಂದೂಕೂ ಸಿಕ್ಕಿತು, ರಕ್ಷಣಾ ಆದೇಶದ ಪ್ರತಿಯೂ ಸಿಕ್ಕಿತು. ಇಷ್ಟಾದರೂ ಐದನೇ ಸರ್ಕ್ಯೂಟ್ (ಟೆಕ್ಸಸ್ ಸೇರಿದ ವಲಯ) ಮೇಲ್ಮನವಿ ಕೋರ್ಟು 2023ರಲ್ಲಿ ಆ ಕಾನೂನನ್ನೇ ರದ್ದು ಮಾಡಿತು. ಬ್ರೂಯೆನ್ ಅಳತೆಗೋಲು ಹಿಡಿದರೆ ಹಳೆಯ ಕಾಲದಲ್ಲಿ ಇದಕ್ಕೆ ಹೋಲುವ ಕಾನೂನು ಸಿಗುವುದಿಲ್ಲ ಅನ್ನುವುದು ಕಾರಣ. ಸಿಗುವುದಾದರೂ ಹೇಗೆ? ಹೆಂಡತಿಗೆ ಹೊಡೆಯುವುದನ್ನು ಆ ಕಾಲದ ಕಾನೂನು ಅಪರಾಧ ಅಂತ ಗಂಭೀರವಾಗಿ ನೋಡುತ್ತಲೇ ಇರಲಿಲ್ಲ. ಹೆಂಗಸರಿಗೆ ವೋಟೂ ಇರಲಿಲ್ಲ.

2024ರ ಜೂನಿನಲ್ಲಿ ಸುಪ್ರೀಂ ಕೋರ್ಟು ಇದನ್ನು 8-1ರಲ್ಲಿ ತಳ್ಳಿಹಾಕಿತು. ತಾಳೆ ಆಗುವ ತತ್ವ ಇದ್ದರೆ ಸಾಕು, ಹಳೆಯ ಕಾನೂನಿನ ಅವಳಿಯೇ ಬೇಕಾಗಿಲ್ಲ ಅಂತ ರಾಬರ್ಟ್ಸ್ ಬರೆದರು. ಬೆದರಿಕೆ ಒಡ್ಡುವವರಿಂದ ಮುಚ್ಚಳಿಕೆ ಬರೆಸಿಕೊಳ್ಳುವ ಹಳೆಯ ಕಾನೂನುಗಳನ್ನು ಆಧಾರ ಮಾಡಿಕೊಂಡರು. ಭಿನ್ನಮತ ಬರೆದ ಒಬ್ಬರು ಥಾಮಸ್, ಅಂದರೆ ಆ ಅಳತೆಗೋಲು ತಯಾರು ಮಾಡಿದವರೇ. ಬೈಡನ್ ನೇಮಿಸಿದ ಜಡ್ಜ್ ಜಾಕ್ಸನ್ ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ, ಕೆಳ ಕೋರ್ಟಿನ ಜಡ್ಜ್‌ಗಳು ಈ ಪದ್ಧತಿ ಅರ್ಥವಾಗದೆ ಎಷ್ಟು ಒದ್ದಾಡುತ್ತಿದ್ದಾರೆ ಅಂತ ಅವರದೇ ಮಾತುಗಳನ್ನು ಒಂದರ ಹಿಂದೆ ಒಂದು ಸೇರಿಸಿದರು.

ಹಾಗಾಗಿ ಪ್ರತಿ ಸಲವೂ 6-3 ಅನ್ನುವುದು ಪೂರ್ತಿ ನಿಜವಲ್ಲ. 2025ರ ಮಾರ್ಚಿನಲ್ಲಿ ಬಿಡಿಭಾಗದ ಕಿಟ್‌ಗಳ ಕೇಸು ಬಂತು. ಸೀರಿಯಲ್ ನಂಬರ್ ಇಲ್ಲದೆ ಮನೆಯಲ್ಲೇ ಜೋಡಿಸುವ ಗನ್‌ಗಳು. ಅಂಥ ಕಿಟ್ ಹಿಂದೆಂದೂ ನೋಡಿರದ ಒಬ್ಬರು ಮಾಮೂಲಿ ಸಲಕರಣೆ ಮತ್ತು ಯೂಟ್ಯೂಬ್ ವೀಡಿಯೊ ಇಟ್ಟುಕೊಂಡು 21 ನಿಮಿಷದಲ್ಲಿ ಗನ್ ತಯಾರು ಮಾಡಿದರು ಅಂತ ತೀರ್ಪಿನಲ್ಲೇ ಇದೆ. ಇವನ್ನೂ ಬಂದೂಕು ಅಂತಲೇ ನಿಯಂತ್ರಿಸಬಹುದು ಅಂತ 7-2ರ ತೀರ್ಪು ಬರೆದದ್ದು ಗೊರ್ಸುಚ್. ಅದೇ ವರ್ಷ ಜೂನಿನಲ್ಲಿ ಮೆಕ್ಸಿಕೊ ಸರ್ಕಾರ ಅಮೆರಿಕದ ಗನ್ ಕಂಪನಿಗಳ ಮೇಲೆ ಹಾಕಿದ ದಾವೆಯನ್ನು 9-0ರಲ್ಲಿ ವಜಾ ಮಾಡಿದ ತೀರ್ಪು ಬರೆದದ್ದು ಕೇಗನ್.

ಬಂಪ್ ಸ್ಟಾಕ್ ಕೇಸಂತೂ ಯೋಚಿಸುವಂಥದ್ದು. 2017ರ ಅಕ್ಟೋಬರಿನಲ್ಲಿ ಲಾಸ್ ವೇಗಸ್‌ನ ಸಂಗೀತ ಕಾರ್ಯಕ್ರಮದ ಮೇಲೆ ಹೋಟೆಲಿನ ಕಿಟಕಿಯಿಂದ ಒಬ್ಬ ಗುಂಡಿನ ಮಳೆ ಸುರಿಸಿದ, 58 ಜನ ಅವತ್ತೇ ಸತ್ತರು. ಸೆಮಿ ಆಟೊಮ್ಯಾಟಿಕ್ ರೈಫಲ್ ಮೆಷಿನ್ ಗನ್ ಥರ ಹಾರಿಸುವ ಬಂಪ್ ಸ್ಟಾಕ್ ಎಂಬ ಸಾಧನ ಬಳಸಿದ್ದ. ಅದನ್ನು ನಿಷೇಧಿಸಿದ್ದು ಸ್ವತಃ ಟ್ರಂಪ್ ಸರ್ಕಾರ. 2024ರಲ್ಲಿ ಆ ನಿಷೇಧವನ್ನು ತೆಗೆದುಹಾಕಿದ ಆರು ಜನರಲ್ಲಿ ಮೂವರನ್ನು ನೇಮಿಸಿದ್ದೂ ಟ್ರಂಪೇ. ಥಾಮಸ್ ಟ್ರಿಗರ್ ಒಳಗಿನ ಭಾಗಗಳ ಚಿತ್ರಗಳನ್ನೇ ತೀರ್ಪಿನಲ್ಲಿ ಹಾಕಿ, ಒಮ್ಮೆ ಟ್ರಿಗರ್ ಎಳೆದರೆ ಒಂದೇ ಗುಂಡು ಹಾರುತ್ತದೆ, ಹಾಗಾಗಿ 1934ರ ಕಾನೂನಿನ ಪ್ರಕಾರ ಇದು ಮೆಷಿನ್ ಗನ್ ಅಲ್ಲ ಅಂದರು. ಅಧ್ಯಕ್ಷರ ಮಾತು ಕೇಳುವ ಜಡ್ಜ್‌ಗಳಾಗಿದ್ದರೆ ಈ ತೀರ್ಪು ಬರುತ್ತಿರಲಿಲ್ಲ. ಅವರು ನಿಷ್ಠರಾಗಿರುವುದು ತಮ್ಮ ಓದುವ ಪದ್ಧತಿಗೆ. ಆ ಪದ್ಧತಿ ನೋಡಿಯೇ ಅವರನ್ನು ಆರಿಸಿದ್ದು.

ಸುಪ್ರೀಂ ಕೋರ್ಟ್ ವರ್ಷಕ್ಕೆ ಎತ್ತಿಕೊಳ್ಳುವ ಬಂದೂಕಿನ ಕೇಸು ಒಂದೋ ಎರಡೋ. ಉಳಿದ ನೂರಾರು ಕೇಸು ಮುಗಿಯುವುದು ಕೆಳಗೆ. ಗೆರೆ ಅಲ್ಲಿ ಇನ್ನೂ ದಪ್ಪವಾಗಿ ಕಾಣುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಸುವ ಮ್ಯಾಗಜಿನ್ ನಿಷೇಧವಿದೆ. ಸ್ಯಾನ್ ಡಿಯೆಗೊದ ಜಡ್ಜ್ ರೋಜರ್ ಬೆನಿಟೆಜ್, ಜೂನಿಯರ್ ಬುಷ್ ನೇಮಿಸಿದವರು, ಅದನ್ನು ರದ್ದು ಮಾಡಿದರು. ಇವರು 2021ರ ಇನ್ನೊಂದು ತೀರ್ಪಿನಲ್ಲಿ ಎಆರ್-15 ಎಂಬ ಸೆಮಿ ಆಟೊಮ್ಯಾಟಿಕ್ ರೈಫಲನ್ನು ಸ್ವಿಸ್ ಆರ್ಮಿ ಚಾಕುವಿಗೆ ಹೋಲಿಸಿದವರು. ಮ್ಯಾಗಜಿನ್ ಕೇಸಿನಲ್ಲಿ ಒಂಬತ್ತನೇ ಸರ್ಕ್ಯೂಟಿನ ದೊಡ್ಡ ಪೀಠ 2025ರ ಮಾರ್ಚಿನಲ್ಲಿ 7-4ರಲ್ಲಿ ನಿಷೇಧವನ್ನು ಎತ್ತಿಹಿಡಿಯಿತು. ಏಳೂ ಜನ ಡೆಮಾಕ್ರಟ್ ಅಧ್ಯಕ್ಷರು ನೇಮಿಸಿದವರು, ನಾಲ್ವರೂ ರಿಪಬ್ಲಿಕನ್ ಅಧ್ಯಕ್ಷರು ನೇಮಿಸಿದವರು. ಆ ನಾಲ್ವರಲ್ಲಿ ಒಬ್ಬರಾದ ಲಾರೆನ್ಸ್ ವ್ಯಾನ್‌ಡೈಕ್ ಗೌನು ತೊಟ್ಟು, ತಮ್ಮ ಛೇಂಬರಿನಲ್ಲೇ ಪಿಸ್ತೂಲು ಕೈಯಲ್ಲಿ ಹಿಡಿದು, ಬಿಡಿಭಾಗ ಬದಲಾಯಿಸಿ ತೋರಿಸುತ್ತ ಒಂದು ವೀಡಿಯೊ ಮಾಡಿ ಅದನ್ನೇ ಭಿನ್ನಮತದ ಭಾಗವಾಗಿ ಹಾಕಿದರು. ಜಡ್ಜ್ ತಾವೇ ತಜ್ಞ ಸಾಕ್ಷಿಯಾಗಿ ಕೂತರೆ ಹೇಗೆ ಅಂತ ಸಹೋದ್ಯೋಗಿ ಮಾರ್ಷಾ ಬರ್ಝಾನ್ ಅದೇ ತೀರ್ಪಿನಲ್ಲಿ ಆಕ್ಷೇಪ ಬರೆದರು. ಆ ಆಕ್ಷೇಪ ಸರಿ ಅಂತಲೇ ನನ್ನ ಅನಿಸಿಕೆ. ಸಾಕ್ಷಿಯನ್ನು ಎದುರು ಪಕ್ಷದ ವಕೀಲರು ಪಾಟೀಸವಾಲು ಮಾಡಬಹುದು, ಜಡ್ಜನ್ನು ಮಾಡಲಾಗುವುದಿಲ್ಲ.

ದಾವೆ ಎಲ್ಲಿ ಹಾಕಬೇಕು ಅನ್ನುವುದೂ ಈಗ ಲೆಕ್ಕಾಚಾರವೇ. ಆ ಕಿಟ್ ಕೇಸು ಶುರುವಾದದ್ದು ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ. ಅಲ್ಲಿ ಕೇಸು ಯಾರ ಮುಂದೆ ಬೀಳುತ್ತದೆ ಅಂತ ವಕೀಲರು ಮೊದಲೇ ಊಹಿಸಬಹುದು, ಮೇಲ್ಮನವಿ ಹೋಗುವುದು ಐದನೇ ಸರ್ಕ್ಯೂಟಿಗೆ ಅಂತಲೂ ಗೊತ್ತು. ಎದುರಿನವರೂ ಏನು ಕಡಿಮೆಯಿಲ್ಲ. 2024ರಲ್ಲಿ ಹವಾಯಿಯ ಸುಪ್ರೀಂ ಕೋರ್ಟು, ಕೇಂದ್ರದ ತೀರ್ಪು ಏನೇ ಇರಲಿ, ಬಂದೂಕು ಹಿಡಿದು ಓಡಾಡುವುದು ಅಲೋಹಾ ಭಾವನೆಗೆ, ಅಂದರೆ ಅಲ್ಲಿನವರ ಪ್ರೀತಿ ಸೌಹಾರ್ದದ ಪರಂಪರೆಗೆ, ಒಗ್ಗುವುದಿಲ್ಲ ಅಂತ ಬರೆದು ಬ್ರೂಯೆನ್ ಪದ್ಧತಿಯನ್ನೇ ಟೀಕಿಸಿತು.

ಗೆರೆ ದಾಟುವವರೂ ಇದ್ದಾರೆ, ಅವರನ್ನು ಮರೆಯಬಾರದು. ನಾಲ್ಕನೇ ಸರ್ಕ್ಯೂಟಿನ ಹಾರ್ವಿ ವಿಲ್ಕಿನ್ಸನ್ ರೇಗನ್ ನೇಮಿಸಿದ ಜಡ್ಜ್, ಸಂಪ್ರದಾಯವಾದಿಗಳಲ್ಲಿ ದೊಡ್ಡ ಹೆಸರು. ಜನಪ್ರತಿನಿಧಿಗಳು ತೀರ್ಮಾನಿಸಬೇಕಾದ್ದನ್ನು ಕೋರ್ಟು ಕಿತ್ತುಕೊಂಡಿತು ಅಂತ ಹೆಲ್ಲರ್ ತೀರ್ಪನ್ನು 2009ರಲ್ಲೇ ಲೇಖನ ಬರೆದು ಟೀಕಿಸಿದರು. 2024ರಲ್ಲಿ ಎಆರ್-15ನಂಥ ಅಸಾಲ್ಟ್ ರೈಫಲ್‌ಗಳ ಮೇಲಿನ ಮೇರಿಲ್ಯಾಂಡಿನ ನಿಷೇಧವನ್ನು ಎತ್ತಿಹಿಡಿದ ತೀರ್ಪು ಬರೆದದ್ದೂ ಅವರೇ. ಇಲಿನಾಯ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಜಡ್ಜ್‌ಗಳು ಪಕ್ಷದ ಚಿಹ್ನೆ ಮೇಲೇ ಚುನಾವಣೆಗೆ ನಿಲ್ಲುತ್ತಾರೆ. 2022ರ ನವೆಂಬರಿನಲ್ಲಿ ಇಬ್ಬರು ಡೆಮಾಕ್ರಟ್ ಮಹಿಳೆಯರು ಒಟ್ಟಿಗೇ ಗೆದ್ದು ಬಂದರು. ಮರುವರ್ಷ ರಾಜ್ಯದ ಅಸಾಲ್ಟ್ ರೈಫಲ್ ನಿಷೇಧದ ಕೇಸು ಬಂದಾಗ 4-3ರ ಬಹುಮತದ ತೀರ್ಪು ಬರೆದದ್ದು ಒಬ್ಬರು, ಅದರ ವಿರುದ್ಧ ನಿಂತದ್ದು ಇನ್ನೊಬ್ಬರು.

ಬಂದೂಕಿನ ಹಕ್ಕಿನ ಪರ ಇರುವವರೆಲ್ಲ ಒಂದೇ ಥರದವರು ಅಂತಲೂ ಎಣಿಸಬೇಡಿ. ಬ್ರೂಯೆನ್ ಕೇಸಿನಲ್ಲಿ ನ್ಯೂಯಾರ್ಕಿನ ಕಪ್ಪು ಜನಾಂಗದ ಸಾರ್ವಜನಿಕ ವಕೀಲರ ಗುಂಪೊಂದು ಕಾನೂನಿನ ವಿರುದ್ಧ ಅರ್ಜಿ ಹಾಕಿತ್ತು. ಲೈಸೆನ್ಸಿಲ್ಲದ ಪಿಸ್ತೂಲಿನ ಕೇಸಿನಲ್ಲಿ ಜೈಲಿಗೆ ಹೋಗುವವರು ಬಹುಪಾಲು ನಮ್ಮ ಬಡ ಕಕ್ಷಿದಾರರು, ಕಪ್ಪು, ಲ್ಯಾಟಿನೊ ಹುಡುಗರು ಅಂತ ಅವರು ವಿವರವಾಗಿ ಬರೆದರು. ಆ ಅರ್ಜಿ ಓದಿದ ಮೇಲೆ ಈ ವಿಷಯವನ್ನು ನಾನು ಮೊದಲಿನಷ್ಟು ಸಲೀಸಾಗಿ ನೋಡಲಾರೆ.

ಕೊಡಗಿನ ಮಾತು ಎತ್ತಿದ್ದೀರಿ, ಅದಕ್ಕೂ ಒಂದೆರಡು ಮಾತು. ನಮ್ಮಲ್ಲಿ ಆಯುಧ ಇಟ್ಟುಕೊಳ್ಳುವುದು ಸಂವಿಧಾನದ ಹಕ್ಕಲ್ಲ. 2023ರ ಫೆಬ್ರವರಿಯಲ್ಲಿ ಭಾರತದ ಸುಪ್ರೀಂ ಕೋರ್ಟಿನ ಜಸ್ಟಿಸ್ ಕೆ.ಎಂ. ಜೋಸೆಫ್ ಮತ್ತು ನಮ್ಮ ಕರ್ನಾಟಕದವರೇ ಆದ ಜಸ್ಟಿಸ್ ಬಿ.ವಿ. ನಾಗರತ್ನ ಅವರ ಪೀಠ ಅಮೆರಿಕದ ಹೆಸರು ತೆಗೆದುಕೊಂಡೇ ಇದನ್ನು ಹೇಳಿತು. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಇರುವುದು ಸರ್ಕಾರ ಕೊಟ್ಟ ವಿನಾಯಿತಿ, ಬ್ರಿಟಿಷರ ಕಾಲದಿಂದ ಬಂದದ್ದು. ಜಾತಿ, ಜಮೀನು ನೋಡಿ ವಿನಾಯಿತಿ ಕೊಡುವುದು ಸಮಾನತೆಗೆ ವಿರುದ್ಧ ಅಂತ ಸಲ್ಲಿಸಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ವಜಾ ಮಾಡಿತು. 2019ರ ಅಧಿಸೂಚನೆ ಪ್ರಕಾರ ಅದು 2029ರವರೆಗೆ ಇದೆ. ವಿನಾಯಿತಿಯನ್ನು ಸರ್ಕಾರ ಹಿಂದಕ್ಕೆ ಪಡೆಯಬಹುದು. ಹಕ್ಕನ್ನು ಹಾಗೆ ಪಡೆಯಲಾಗುವುದಿಲ್ಲ. ಅದಕ್ಕೇ ಅಮೆರಿಕದಲ್ಲಿ ಜಗಳವೆಲ್ಲ ಕೋರ್ಟಿಗೇ ಬಂದು ನಿಲ್ಲುತ್ತದೆ, ಕೋರ್ಟಿನ ಕುರ್ಚಿಗಾಗಿ ಇಷ್ಟು ಹೊಡೆದಾಟ ನಡೆಯುತ್ತದೆ.

ನಿಮ್ಮ ಮನೆಯ ವಿಷಯ. ಗ್ರೀನ್ ಕಾರ್ಡ್ ಇದ್ದವರು ಫೆಡರಲ್ ಕಾನೂನಿನ ಪ್ರಕಾರ ಬಂದೂಕು ಕೊಳ್ಳಬಹುದು, ನ್ಯೂಜೆರ್ಸಿಯ ಪರ್ಮಿಟ್ ನಿಯಮ ಪಾಲಿಸಬೇಕು. ತಮ್ಮ ಎಚ್-1ಬಿಯಲ್ಲಿದ್ದಾರಲ್ಲ, ಅವರು ಮುಟ್ಟುವುದೂ ಬೇಡ. ಆ ವೀಸಾದವರಿಗೆ ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಹಂಟಿಂಗ್ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿಗಳಿವೆ. ಊರಲ್ಲಿ ಆಯುಧ ಪೂಜೆಯ ಹಬ್ಬ ಕೈಲ್‌ಪೋಳ್ದ್‌ಗೆ ಕೋವಿ ಹಿಡಿದ ಅಭ್ಯಾಸದಲ್ಲಿ ಶೂಟಿಂಗ್ ರೇಂಜ್‌ಗೆ ಸುಮ್ನೆ ಹೋಗಿ ಬರೋಣ ಅಂದುಕೊಳ್ಳಬೇಡಿ. ಮೊದಲು ವಕೀಲರನ್ನು ಕೇಳಿ.

ಇನ್ನು ಮುಂದೆ ಏನು ನೋಡಬೇಕು ಅಂದರೆ, ಎಆರ್-15. ಮೇರಿಲ್ಯಾಂಡಿನ ಆ ಕೇಸು ಸುಪ್ರೀಂ ಕೋರ್ಟಿಗೆ ಹೋದಾಗ 2025ರ ಜೂನಿನಲ್ಲಿ ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಥಾಮಸ್, ಅಲಿಟೊ, ಗೊರ್ಸುಚ್ ಮೂವರೂ ತೆಗೆದುಕೊಳ್ಳಬೇಕಿತ್ತು ಅಂದರು. ಕವನಾ ಈಗ ಬೇಡ ಅಂದರೂ, ಇನ್ನೊಂದೆರಡು ವರ್ಷದಲ್ಲಿ ಈ ಪ್ರಶ್ನೆಯನ್ನು ಕೋರ್ಟು ಎತ್ತಿಕೊಳ್ಳಬೇಕು ಅಂತ ಬರೆದಿಟ್ಟರು. ಮೂರು ಮತ್ತು ಒಂದು ಸೇರಿದರೆ ನಾಲ್ಕು. ನ್ಯೂಜೆರ್ಸಿಯಲ್ಲಿ ಇಂಥ ರೈಫಲ್ ನಿಷೇಧ 1990ರಿಂದ ಇದೆ. 2024ರಲ್ಲಿ ಕೆಳ ಕೋರ್ಟಿನ ಜಡ್ಜ್ ಒಬ್ಬರು ಎಆರ್-15 ಮೇಲಿನ ನಿಷೇಧ ಮನೆಯ ರಕ್ಷಣೆಯ ಮಟ್ಟಿಗೆ ಅಸಾಂವಿಧಾನಿಕ ಅಂದರು, ಹತ್ತು ಗುಂಡಿನ ಮ್ಯಾಗಜಿನ್ ಮಿತಿಯನ್ನು ಉಳಿಸಿದರು. ಆ ಕೇಸು ಫಿಲಡೆಲ್ಫಿಯಾದ ಮೂರನೇ ಸರ್ಕ್ಯೂಟಿಗೆ ಹೋಗಿ, 2025ರ ಅಕ್ಟೋಬರಿನಲ್ಲಿ ಪೂರ್ಣ ಪೀಠ ವಾದ ಕೇಳಿತು. ಅದೇ ವರ್ಷ ಟ್ರಂಪ್ ಆಯ್ಕೆಯ ಇಬ್ಬರು ಹೊಸಬರು ಆ ಕೋರ್ಟಿಗೆ ಸೇರಿದ ಮೇಲೆ ಅಲ್ಲಿ ರಿಪಬ್ಲಿಕನ್ ಅಧ್ಯಕ್ಷರು ನೇಮಿಸಿದವರ ಸಂಖ್ಯೆ ಮೇಲಾಗಿದೆ. ಆ ತೀರ್ಪು ಓದುವಾಗ ಕೊನೆಯ ಪುಟದ ವೋಟಿನ ಲೆಕ್ಕಕ್ಕೆ ಮೊದಲು ಹೋಗಬೇಡಿ. ಹಳೆಯ ಕಾಲದ ಯಾವ ಕಾನೂನನ್ನು ಹೋಲಿಕೆ ಅಂತ ಒಪ್ಪಿದ್ದಾರೆ, ಯಾವುದನ್ನು ತಳ್ಳಿದ್ದಾರೆ, ಅದಕ್ಕೆ ಕೊಟ್ಟ ಕಾರಣ ಏನು ಅಂತ ನೋಡಿ. ಒಲವು ಎಲ್ಲಿ ಕೆಲಸ ಮಾಡಿದೆ ಅಂತ ಅಲ್ಲೇ ಗೊತ್ತಾಗುತ್ತದೆ.